ಕುಂಕುಮ ಹಚ್ಚಿದ ಅಸಲಿ ಡಬ್ಬಿ

ಭೀಮೇಶ್ ಉಗುರಿನಿಂದ ಕುಂಕುಮ ಕೆರೆಯುತ್ತಿದ್ದ. ಆಯುಧಪೂಜೆಯ ದಿನ ಹೆಂಡತಿ ಸುಧಾ ಅವನ ಗೇಮ್ ಸೆಂಟರಿನ ಕಂಪ್ಯೂಟರುಗಳ ಜೊತೆಗೆ ಅಸಲಿ ಆಟದ ಡಬ್ಬಿಗೂ ಭಕ್ತಿಯಿಂದ ಕುಂಕುಮ ಇಟ್ಟಿದ್ದಳು, ಅದೂ ಸರಿಯಾಗಿ ಆಟ ತೆರೆಯಲು ಬೇಕಾದ ಕೋಡ್ ಮೇಲೆ. ಇವತ್ತು ಈ ಆಟವಿದ್ದ ಒಂದೇ ಕಂಪ್ಯೂಟರಿನ ಕೆಟ್ಟ ರ‍್ಯಾಮ್ ಬದಲಿಸಿದ್ದೇ ತಡ, ಆಟ ಇದನ್ನು ಬೇರೆ ಕಂಪ್ಯೂಟರೆಂದು ಶಂಕಿಸಿ ಮತ್ತೆ ಕೋಡ್ ಕೇಳತೊಡಗಿತ್ತು. ಎರಡು ಸಲ ತಪ್ಪಾಗಿತ್ತು. ಇನ್ನು ಉಳಿದದ್ದು ಒಂದೇ ಅವಕಾಶ.

ಬೆನ್ನ ಹಿಂದೆ ಕಾರ್ ರೇಸಿನ ಫೈನಲ್ ನೋಡಲು ಸಂತೇಬೆನ್ನೂರಿನ ಪಡ್ಡೆಗಳೆಲ್ಲ ನೆರೆದಿದ್ದರು. ಬಸವಾಪಟ್ಟಣದಿಂದ ಆಡಲು ಬಂದ ಪ್ರೇಮಲತಾ ಬೆರಳಿನ ನೆಟಿಗೆ ತೆಗೆಯುತ್ತ ಕುಳಿತಿದ್ದಳು. ಅವಳ ಪೆನ್‌ಡ್ರೈವಿನಲ್ಲಿ ಇದೇ ಆಟದ ನಕಲಿ ಪ್ರತಿ ಇತ್ತು. ಅದಕ್ಕೆ ಕೋಡೇ ಬೇಡ. ಬೆಳಿಗ್ಗೆ ಎಲ್ಲರೆದುರು ಅದನ್ನು ಕಸಿದುಕೊಂಡು, "ಇಲ್ಲಿ ಕಳ್ಳಮಾಲು ನಡೆಯಂಗಿಲ್ರೀ. ನಾನು ದುಡ್ಡು ಕೊಟ್ಟು ತಂದೀನಿ" ಎಂದು ಗದರಿದ್ದವನು ಇದೇ ಭೀಮೇಶ್.

ಕುಂಕುಮದ ಜೊತೆ ಕಾಗದವೂ ಕಿತ್ತು ಬಂತು. ಹೋದ ಅಕ್ಷರಗಳನ್ನು ನೆನಪಿನಿಂದ ತುಂಬಿ ಎಂಟರ್ ಒತ್ತಿದ. ಪರದೆ ಕಪ್ಪಾಯಿತು. ಇದು ಕದ್ದ ಪ್ರತಿ, ಆಟವನ್ನು ಮುಚ್ಚಲಾಗಿದೆ ಎಂಬ ಸಾಲು ಮೂಡಿತು.

ಹಿಂದೆ ಯಾರೋ ಕಿಸಕ್ಕೆಂದರು. "ಬಿಲ್ ಐತೆ ನನ್ನತ್ರ!" ಎಂದು ಭೀಮೇಶ್ ಪರದೆಗೇ ಕೂಗಿದ.

"ಅದಕ್ಕೆಲ್ಲಿ ಕೇಳಿಸ್ತೈತ್ರೀ?" ಎಂದಳು ಪ್ರೇಮಲತಾ. "ಆಟ ನಡೆಸ್ತೀರೋ, ಇಲ್ಲ ನಾನು ಬಸ್ ಹತ್ಲೋ?"

ಭೀಮೇಶ್ ಅಸಲಿ ಡಬ್ಬಿಯನ್ನು ಮಗುಚಿಟ್ಟ. ಕೆಂಪಾದ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡು, ಜೇಬಿನಿಂದ ಅವಳ ಪೆನ್‌ಡ್ರೈವ್ ತೆಗೆದ.