ಉಳಿದಿರುವುದು ಏಳು

"ಹೊದಿಕೆ ಎತ್ತಬೇಡಿ ಟೀಚರಮ್ಮ, ಬಣ್ಣ ಇನ್ನೂ ಹಸಿ," ಎಂದು ಹಲ್ಲಿನ ಡಾಕ್ಟರು ಷೆಡ್ಡಿನ ಬಾಗಿಲಿಗೆ ಅಡ್ಡ ನಿಂತರು.

ಹಸಿ ಬಣ್ಣದ ಮೇಲೆ ಯಾರಾದರೂ ಹೊದಿಕೆ ಹಾಕುತ್ತಾರೆಯೇ? ಟೀಚರಮ್ಮ ಬಸ್ಸಿಳಿದು ನಡೆದು ಬಂದ ಚಪ್ಪಲಿಯ ಧೂಳು ಕೊಡವಿಕೊಂಡರು.

ಅದು ಇಂಗ್ಲೆಂಡಿನ ಕಾರು. ಎರಡೇ ಸೀಟು, ಉದ್ದ ಮೂತಿ, ಮಡಚುವ ಛಾವಣಿ. ತಯಾರಿಸಿದ ಕಂಪನಿ ಮುಚ್ಚಿ ಯಾವ ಕಾಲವಾಯಿತೋ. ಇಡೀ ದೇಶದಲ್ಲಿ ಉಳಿದಿರುವುದು ಏಳು. ವರ್ಷಕ್ಕೊಮ್ಮೆ ಮನೆಮನೆಗೂ ಹೋಗಿ, ಕಣ್ಣಾರೆ ನೋಡಿ, ಎಷ್ಟು ಬದುಕಿವೆಯೆಂದು ಎಣಿಸುವುದು ಟೀಚರಮ್ಮನ ಪಾಲಿನ ಕೆಲಸ. ಮಾಲೀಕರು ಬೆನ್ನ ಹಿಂದೆ ಅವರನ್ನು ಚಿತ್ರಗುಪ್ತಮ್ಮ ಎನ್ನುತ್ತಿದ್ದರು. ಏಳನೆಯದು ಅವರದೇ, ತೀರಿಕೊಂಡ ಗಂಡನದ್ದು.

ಪ್ರತಿ ಭಾನುವಾರ ಸಂಜೆ ಮಾಲೀಕರ ಹರಟೆಗೆ ಆ ಏಳು ಮನೆಗಳ ಫೋನುಗಳು ಒಂದಾದ ಮೇಲೊಂದು ರಿಂಗಾಗುತ್ತಿದ್ದವು. ಕಾರ್ಬ್ಯುರೇಟರಿನಿಂದ ಶುರುವಾದ ಮಾತು ಮಂಡಿನೋವಿಗೆ ಬಂದು ನಿಲ್ಲುತ್ತಿತ್ತು. ಕಾರು ಹೋದವರಿಗೆ ಫೋನಿಲ್ಲ, ಅದು ನಿಯಮ. ಎರಡು ವರ್ಷದ ಹಿಂದೆ ಪಿಟೀಲು ಮೇಷ್ಟರ ಕಾರಿಗೆ ಬೆಂಕಿ ಬಿತ್ತು. ಟೀಚರಮ್ಮ ಒಂದು ಕಡಿಮೆ ಎಣಿಸಿದರು. ಆಮೇಲೆ ಮೇಷ್ಟರನ್ನು ಯಾರೂ ಮಾತಾಡಿಸಲಿಲ್ಲ.

ಈಗ ಗುಜರಿ ಅಂಗಡಿಯೊಂದರಲ್ಲಿ ಇಂಥದೇ ಕಾರಿನ ಉದ್ದ ಮೂತಿ ಕಂಡಿತೆಂದು ಸುದ್ದಿ. ಕಳೆದ ಸಲ ಡಾಕ್ಟರು ಹಾರ್ನ್ ಬಾರಿಸಿ ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸಿದ್ದರು. ಈ ಸಲ ಬಾಗಿಲು ಬಿಟ್ಟು ಕದಲುತ್ತಿಲ್ಲ.

"ನಿಮ್ಮದು ಹೇಗಿದೆ?" ಡಾಕ್ಟರು ಮಾತು ತೇಲಿಸಿದರು.

"ಹೊದ್ದುಕೊಂಡು ಮಲಗಿದೆ."

"ಅದರಲ್ಲೇ ಬರಬಹುದಿತ್ತಲ್ಲ?"

"ಈ ರಸ್ತೇಲಾ? ಅದರ ಕೈಲಾಗಲ್ಲ ಬಿಡಿ."

ಅಡುಗೆಮನೆಯ ಕಿಟಕಿಯಲ್ಲಿ ಒಂದೇ ತಟ್ಟೆ, ಒಂದೇ ಲೋಟ ಬೋರಲು ಬಿದ್ದಿದ್ದವು. ಹೆಂಡತಿ ತೀರಿಕೊಂಡ ವರ್ಷವೇ ಡಾಕ್ಟರು ಕ್ಲಿನಿಕ್ಕನ್ನೂ ಮುಚ್ಚಿದ್ದರು. ಅಜ್ಜಿಕಥೆಯ ರಾಕ್ಷಸ ಏಳು ಕಡಲಾಚೆಯ ಗಿಳಿಯಲ್ಲಿ ಪ್ರಾಣ ಬಚ್ಚಿಟ್ಟ ಹಾಗೆ, ಅವರ ಪ್ರಾಣ ಭಾನುವಾರದ ಫೋನಿನಲ್ಲಿತ್ತು.

"ನೋಡ್ದೆ ನಾನು ಎಣಿಸಲ್ಲ ಡಾಕ್ಟ್ರೇ. ಸರೀರಿ ಆಚೆ."

"ಜನ್ಮವಿಡೀ ಊರವರಿಗೆಲ್ಲ ಬಾಯಿ ತೆಗೀರಿ, ಹೆದರಬೇಡಿ ಅಂದೆ," ಡಾಕ್ಟರು ನಗಲು ನೋಡಿದರು. "ಈಗ ನನಗೇ ಬಾಯಿ ತೆಗೆಯೋಕೆ ಭಯ."

ಟೀಚರಮ್ಮ ಅವರನ್ನು ದಾಟಿ ಒಳಹೊಕ್ಕು ಹೊದಿಕೆಯ ಅಂಚು ಎತ್ತಿದರು. ಎರಡು ಹಳೆಯ ಮೇಜು. ಕ್ಲಿನಿಕ್ಕಿನ ಒರಗುಕುರ್ಚಿ. ಬಟ್ಟೆ ಒಣಹಾಕುವ ಸ್ಟ್ಯಾಂಡು.

"ತುಕ್ಕು ತಿಂದುಹಾಕ್ತು," ಎಂದರು ಡಾಕ್ಟರು, ನೆಲ ನೋಡುತ್ತ. "ತೂಕಕ್ಕೆ ಕೊಟ್ಟೆ. ಆರು ಅಂತಲೇ ಎಣಿಸಿ, ನಿಮ್ಮ ತಪ್ಪಿಲ್ಲ. ಈ ಭಾನುವಾರ ಮಾತ್ರ, ಕೊನೇ ಸಲ, ಎಲ್ಲರ ಕೈಲೂ ಒಂದು ಫೋನ್ ಮಾಡಿಸಿಬಿಡಿ."

ಟೀಚರಮ್ಮ ಹೊದಿಕೆ ಇಳಿಬಿಟ್ಟರು. ಸುಕ್ಕು ಬಿಡಿಸಿ ಮೂಲೆ ಎಳೆದರು. ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ನೋಡಿದರು.

"ಮೂತಿ ಚಪ್ಪಟೆಯಾಗಿದೆ, ಯಾರಿಗಾದರೂ ಗೊತ್ತಾಗುತ್ತೆ," ಎಂದರು. "ಮುಂದಕ್ಕೆ ಎರಡು ದಿಂಬು ತುರುಕಿ. ನಮ್ಮನೇ ಹೊದಿಕೆಯೊಳಗೆ ನಾನು ಅದನ್ನೇ ಇಟ್ಟಿರೋದು."