ಶನಿವಾರದ ಕ್ಲಚ್ಚು

"ಗೇರೇ ಬೀಳ್ತಿಲ್ಲ ಮಾಯಣ್ಣ! ಕ್ಲಚ್ ಒತ್ತಿದ್ರೆ ಹಂಗೇ ನೆಲಕ್ ಹೋಗಿ ಕೂತ್ಬಿಡುತ್ತೆ!" ಅಂತ ವೇಣುಗೋಪಾಲ್ ಕಿಟಕಿಯಿಂದ ತಲೆ ಆಚೆ ಹಾಕಿ ಕೂಗ್ಕೊಂಡೇ ಬಂದ. ಉಮಾ ಟಾಕೀಸ್ ಸಿಗ್ನಲ್ಲಿಂದ ಚಾಮರಾಜಪೇಟೆಯ ಮಾಯಣ್ಣನ ಶೆಡ್ಡಿನವರೆಗೂ ಅವನ ಕೆಂಪು ಸ್ಪೋರ್ಟ್ಸ್ ಕಾರನ್ನ ಆರು ಜನ ತಳ್ಕೊಂಡ್ ಬಂದಿದ್ರು. ಆ ಕಾರು ಎಷ್ಟು ಕುಳ್ಳು ಅಂದ್ರೆ, ಬೀದಿನಾಯೀನೂ ಬಗ್ಗಿ ಒಳಗೆ ನೋಡ್ತಿತ್ತು. ಪಕ್ಕದಲ್ಲಿ ಅವರವ್ವ ಪಿಳ್ಳಮ್ಮ, ಮೊಣಕಾಲು ಗಲ್ಲಕ್ಕೆ ತಗಲಿಸ್ಕೊಂಡು ಕೂತಿದ್ರು. ಶನಿವಾರ ಅಲ್ವಾ, ಗುಡಿಗೆ ಹೊರಟಿದ್ರಂತೆ.

"ದೊಡ್ಡ ಗ್ಯಾರೇಜ್‌ನೋರು ಗೇರ್‌ಬಾಕ್ಸ್ ಇಳಿಸ್ಬೇಕು, ಸಾಮಾನು ಹಡಗಲ್ಲಿ ಬರ್ಬೇಕು, ಮೂರು ತಿಂಗ್ಳು ಬಿಟ್ ಬನ್ನಿ ಅಂತಾರೆ. ನಾಳೆ ಬೆಳಿಗ್ಗೆ ಆರಕ್ಕೆ ದೇವನಹಳ್ಳಿ ರೋಡಲ್ಲಿ ಫ್ರೆಂಡ್ಸ್ ಜೊತೆ ರೇಸಿದೆ. ನೀವೇ ಏನಾದ್ರೂ ಮಾಡ್ಬೇಕು" ಅಂದ ವೇಣುಗೋಪಾಲ್.

ಮಾಯಣ್ಣ ಅಂದ್ರೆ ಏನಂದ್ಕೊಂಡ್ರಿ? ಲಾರಿ ಕೆಮ್ಮೋ ಸದ್ದು ಕೇಳಿ ಡ್ರೈವರ್‌ಗೆ ಎಷ್ಟು ಮಕ್ಳು ಅಂತ ಹೇಳೋನು. ಬಗ್ಗಿ ಕ್ಲಚ್ ಪೆಡಲ್ಲನ್ನ ಕೈಯಲ್ಲೇ ಒತ್ತಿದ. ನಾದಿದ ಹಿಟ್ಟಿಗೆ ಬೆರಳು ಇಟ್ಟಂಗೆ ಮೆತ್ತಗೆ ಕೆಳಗೋಯ್ತು. ಪಟಪಟ ಅಂತ ನಾಲ್ಕು ಸಲ ಒತ್ತಿದ, ಒಂಚೂರು ಗಟ್ಟಿ ಆಯ್ತು. "ಗೇರ್‌ಬಾಕ್ಸ್ ಗಟ್ಟಿಮುಟ್ಟಾಗಿದೆ ಸಾರ್. ಇದು ಎಣ್ಣೆ ಕ್ಲಚ್ಚು, ಇದಕ್ಕೆ ಕೇಬಲ್ ಇಲ್ಲ. ಎಣ್ಣೆ ಹೋಗಿ ಆ ಕಡೆ ತಳ್ಬೇಕು. ತಳ್ತಿಲ್ಲ, ಅಷ್ಟೇ" ಅಂದು ಬಾನೆಟ್ ಎತ್ತಿ, ಕ್ಲಚ್ಚಿನ ಎಣ್ಣೆ ಡಬ್ಬದ ಮುಚ್ಚಳ ತೆಗ್ದ. ಮುಚ್ಚಳದ ರಬ್ಬರು ಪೂರಿ ಥರ ಉಬ್ಕೊಂಡಿತ್ತು. ಒಳಗೆ ಸಾರಿನ ಮೇಲೆ ಒಗ್ಗರಣೆ ತೇಲಿದಂಗೆ ಏನೋ ಹೊಳೀತಿತ್ತು. ಬೆರಳು ಅದ್ದಿ ಮೂಸಿದ. ಪುಳಿಯೋಗರೆ ವಾಸನೆ!

ಮಾಯಣ್ಣ ಕಾರಲ್ಲಿದ್ದ ಪಿಳ್ಳಮ್ಮನ್ನ ನೋಡ್ದ. ಪಿಳ್ಳಮ್ಮ ಕೈಚೀಲಾನ ಸೆರಗಿನೊಳಗೆ ಸರಿಸ್ಕೊಂಡ್ರು.

"ಸಾರ್, ಒಳಗಿನ ರಬ್ಬರ್ ವಾಷರ್‌ಗಳು ಹೋಗಿವೆ. ಈ ಸೈಜು ಜೆ.ಸಿ. ರೋಡಲ್ಲಿ ಸಿಗುತ್ತೆ, ಆಟೋ ಹತ್ತಿ ತಗೊಂಡ್ ಬನ್ನಿ" ಅಂತ ಚೀಟಿ ಬರೆದುಕೊಟ್ಟು ಅವನನ್ನ ಸಾಗಹಾಕ್ದ. ಆಟೋ ತಿರುವು ದಾಟಿದ್ಮೇಲೆ ಕೇಳ್ದ, "ಅಮ್ಮಾ, ಎಷ್ಟು ಶನಿವಾರದಿಂದ ಎಳ್ಳೆಣ್ಣೆ ಹಾಕ್ತಿದೀರಿ?"

"ನಾಕು" ಅಂದ್ರು ಪಿಳ್ಳಮ್ಮ. "ಅವನಿಗೆ ಸಾಡೆಸಾತಿ ಕಣಪ್ಪ. ಕಬ್ಬಿಣಕ್ಕೆ ಎಣ್ಣೆ ಕೊಡಿ ಅಂದ್ರು ಅಯ್ನೋರು. ನಮ್ಮಪ್ಪ ಗಾಡಿ ಅಚ್ಚಿಗೆ ಎಣ್ಣೆ ಬಿಡ್ತಿತ್ತು. ಇದಕ್ಕೆ ಬಾಯಿ ಎಲ್ಲೈತೆ ಅಂತ ಹುಡುಕ್ದೆ. ಅವನು ಕಾರ್ ತೊಳೆದು, ಬಾನೆಟ್ ತೆರೆದಿಟ್ಟು ಸ್ನಾನಕ್ಕೆ ಹೋದಾಗ ಒಂದೊಂದೇ ಚಮಚ ಬಿಟ್ಟೆ. ಫಲ ಕೊಡ್ತು ನೋಡು! ಎರಡು ವಾರದಿಂದ ಮೂರನೇ ಗೇರ್ ಬೀಳ್ತಿಲ್ಲ ಅಂತ ಗೊಣಗ್ತಾನೆ, ಆಟೋದಲ್ಲಿ ಹೋಗ್ತಾನೆ, ಬೆಚ್ಚಗಿದ್ದಾಗ್ಲೇ ಬಂದು ಮುದ್ದೆ ಉಣ್ತಾನೆ."

ಮಾಯಣ್ಣನಿಗೆ ನಗು ಉಕ್ಕಿ ಬಂತು. ಆಮೇಲೆ ಪಕ್ಕದ ಡಬ್ಬ ಕಣ್ಣಿಗೆ ಬಿತ್ತು, ನಗು ನಿಂತೋಯ್ತು. "ಅಮ್ಮಾ, ಇಲ್ನೋಡಿ. ಒಂದು ಗೇಣು ಈಚೆಗೆ ಹಾಕಿದ್ರೆ ಬ್ರೇಕಿಗೆ ಹೋಗ್ತಿತ್ತು. ಕಾರು ಹೋಗೋದು ಹೋಗ್ತಿತ್ತು. ನಿಲ್ತಿರ್ಲಿಲ್ಲ."

ಪಿಳ್ಳಮ್ಮ ಆ ಎರಡು ಡಬ್ಬಾನ ಬಾಳ ಹೊತ್ತು ನೋಡಿದ್ರು. ಚೀಲದಿಂದ ಎಣ್ಣೆ ಬಾಟ್ಲಿ ತೆಗೆದು ಮಾಯಣ್ಣನ ಕೈಗಿಟ್ಟು, "ನೀನೇ ಎಲ್ಲಾದ್ರೂ ಚೆಲ್ಲಪ್ಪ" ಅಂದ್ರು.

ವಾಷರ್ ಬಂತು. ಮಾಯಣ್ಣ ಕ್ಲಚ್ಚಿನ ಎಣ್ಣೆ ತಳ್ಳೋ ಎರಡೂ ಸಿಲಿಂಡರ್ ಬಿಚ್ಚಿ, ತೊಳೆದು, ಹೊಸ ವಾಷರ್ ಕೂರಿಸಿ, ಹೊಸ ಎಣ್ಣೆ ತುಂಬಿಸ್ದ. ಇನ್ನು ಪೈಪಲ್ಲಿ ಸೇರ್ಕೊಂಡಿರೋ ಗಾಳಿ ತೆಗೀಬೇಕು, ಅದಕ್ಕೆ ಮೇಲೆ ಪೆಡಲ್ ಒತ್ತೋಕೆ ಒಬ್ರು ಬೇಕು. ವೇಣುಗೋಪಾಲ್ ರಸ್ತೇಲಿ ಮೊಬೈಲ್ ಹಿಡ್ಕೊಂಡು ಠಳಾಯಿಸ್ತಿದ್ದ. ಪಿಳ್ಳಮ್ಮನೇ ಚಪ್ಪಲಿ ಬಿಟ್ಟು, ಕಾರು ಮುಟ್ಟಿ ಕಣ್ಣಿಗೊತ್ಕೊಂಡು, ಡ್ರೈವರ್ ಸೀಟಿಗೆ ಹತ್ತಿದ್ರು.

"ಒತ್ತಿ ಅಮ್ಮಾ... ಹಿಡ್ಕೊಳ್ಳಿ... ಹಾಂ, ಬಿಡಿ!" ಕಾರಿನ ಕೆಳಗಿಂದ ಮಾಯಣ್ಣ. "ಇನ್ನೊಂದ್ಸಲ! ಆಹಾ, ಏನ್ ಕಾಲು ಅಮ್ಮಾ ನಿಮ್ದು, ರಾಗಿ ತುಳ್ದಿರೋ ಕಾಲು! ಒತ್ತಿ... ಹಿಡ್ಕೊಳ್ಳಿ..."

"ನಾಳೆ ಆರಕ್ಕೆ ಪಕ್ಕಾ ಮಚ್ಚಾ!" ರಸ್ತೆಯಿಂದ ವೇಣುಗೋಪಾಲ್ ಮೊಬೈಲಿಗೆ ಕಿರುಚ್ತಿದ್ದ. "ನೂರಾ ಅರವತ್ತಕ್ಕೆ ಕಮ್ಮಿ ಮಾತೇ ಇಲ್ಲ! ಇಲ್ಲಾಂದ್ರೆ ನನ್ ಹೆಸ್ರು ಬದಲಾಯಿಸು!"

"ಬಿಡಿ ಅಮ್ಮಾ" ಅಂದ ಮಾಯಣ್ಣ. ಪೆಡಲ್ ಮೇಲೆ ಬರ್ಲಿಲ್ಲ. "ಅಮ್ಮಾ, ಬಿಡಿ!" ಇನ್ನೂ ಬರ್ಲಿಲ್ಲ. ತಲೆ ಆಚೆ ತೆಗೆದು ನೋಡಿದ್ರೆ ಪಿಳ್ಳಮ್ಮ ಸ್ಟೇರಿಂಗ್ ಹಿಡ್ಕೊಂಡು ರಸ್ತೆ ಕಡೆ ನೋಡ್ತಾ ಕೂತಿದ್ರು. ಆಮೇಲೆ ಮೆಲ್ಲಗೆ ಕಾಲು ತೆಗೆದ್ರು. ಪೆಡಲ್ಲು ಟಕ್ ಅಂತ ಎದ್ದು ನಿಲ್ತು.

ವೇಣುಗೋಪಾಲ್ ಓಡಿ ಬಂದು ಸ್ಟಾರ್ಟ್ ಮಾಡ್ದ. ಬೆಣ್ಣೇಲಿ ಚಾಕು ಇಳಿದಂಗೆ ಗೇರ್ ಬಿತ್ತು. "ಮಾಯಣ್ಣ, ನಿಮ್ ಕೈಗೆ ಚಿನ್ನದ ಬಳೆ ಹಾಕ್ಬೇಕು! ಏನಾಗಿತ್ತು?"

"ಎಣ್ಣೆ ಕೆಟ್ಟಿತ್ತು ಸಾರ್, ಅಷ್ಟೇ" ಅಂದ ಮಾಯಣ್ಣ, ಬಾಟ್ಲೀನ ಬೆನ್ನ ಹಿಂದೆ ಹಿಡ್ಕೊಂಡು.

ಅಷ್ಟರಲ್ಲಿ ಪಿಳ್ಳಮ್ಮ ಆ ಕಡೆಯಿಂದ ಬಂದು ಪಕ್ಕದ ಸೀಟಲ್ಲಿ ಕೂತು, ಬೆಲ್ಟು ಎಳೆದು ಸಿಕ್ಕಿಸ್ಕೊಂಡಿದ್ರು.

"ಮಗಾ, ನಾಳೆ ನಾಕಕ್ಕೇ ಎಬ್ಬಿಸು. ನಾನೂ ಬರ್ತೀನಿ, ಇಲ್ಲೇ ಕೂತ್ಕೋತೀನಿ. ನೀನು ಎಷ್ಟು ಜೋರಾಗಿ ಬೇಕೋ ಓಡ್ಸು."