ಒಳ್ಳೆ ಏರ್‌ಪೋರ್ಟ್, ಕೆಟ್ಟ ಏರ್‌ಪೋರ್ಟ್

ಆಟೋದಿಂದ ಇಳಿದ ಹೆಂಗಸು ಎಡಗಾಲು ಎಳೆದುಕೊಂಡು ಶೆಡ್ಡಿನ ಕಡೆ ಬರುವುದು ಕಂಡಿತು. ಕದಿರೇಶನ ಕೈಯಲ್ಲಿದ್ದ ಉಳಿ ಕಲ್ಲಿನ ಮೇಲೆಯೇ ನಿಂತಿತು. ಮುಳಬಾಗಿಲಿನ ಆವಲಮ್ಮ. ಈ ಹೆಂಗಸಿಗೆ ಹೆದರಿ ಅವನು ಎರಡು ವರ್ಷದಿಂದ ಮುಳಬಾಗಿಲಿನ ಕಡೆಯ ಒಂದು ಕೆಲಸವನ್ನೂ ಒಪ್ಪಿಕೊಂಡಿರಲಿಲ್ಲ. ಈಗ ಆಕೆಯೇ ಶಿವಾರಪಟ್ಟಣಕ್ಕೆ ಹುಡುಕಿಕೊಂಡು ಬಂದಿದ್ದರು.

ಎದ್ದು ಹಿತ್ತಲಿಗೆ ಜಾರೋಣವೆಂದರೆ ಎದುರಿಗೆ ಉಮಾಶಂಕರ್, ಶ್ಯಾಮಲಾ ಕೂತಿದ್ದರು. ಗಂಡಹೆಂಡತಿ ಮೊದಲ ಸಲ ಅಮೆರಿಕ ನೋಡಲು ಹೊರಟವರು. ಮಾಲೂರಿನ ಟಿಕೆಟ್ ಏಜೆಂಟ್ ವೆಂಕಟ್ ಇಂಥವರನ್ನೆಲ್ಲ ಇಲ್ಲಿಗೇ ಅಟ್ಟುತ್ತಾನೆ. ಯಾವ ಏರ್‌ಪೋರ್ಟ್ ಒಳ್ಳೆಯದು, ಯಾವುದು ಕೆಟ್ಟದ್ದು, ಎಲ್ಲಿ ವಿಮಾನ ಬದಲಿಸಬೇಕು, ಎಲ್ಲವನ್ನೂ ಕದಿರೇಶನೇ ಹೇಳಬೇಕು. ಇವನೋ ಹೋಗಿದ್ದು ಒಂದೇ ಒಂದು ಸಲ, ತಾನು ಕೆತ್ತಿದ ಆಂಜನೇಯನಿಗೆ ಅಲ್ಲಿನ ಗುಡಿಯಲ್ಲಿ ಕಣ್ಣು ತೆರೆಯಲು. ವಿಗ್ರಹ ಪೀಠಕ್ಕೆ ಕೂತ ಮೇಲೆ ಕಣ್ಣಿನ ಕೊನೆಯ ಗೆರೆ ಕೆತ್ತಿದವನ ಕೈಯಿಂದಲೇ ಬೀಳಬೇಕು. ಅದು ಅವರ ಮನೆತನದ ಕಟ್ಟಳೆ.

ಆವಲಮ್ಮ ಬಂದು ಬೆಂಚಿನ ಮೇಲೆ ಕೂತರು. ನಿಮ್ಮ ಮಾತು ಮುಗಿಸಿಕೊಳ್ಳಿ ಎಂಬಂತೆ ಕೈ ಆಡಿಸಿದರು.

ಕದಿರೇಶ ಗಂಡಹೆಂಡತಿಯ ಕಡೆ ತಿರುಗಿದ. ತಾನು ವಾಪಸ್ ಬರುವಾಗ ಕಂಡ ಅಮೆರಿಕದ ಬೆಟ್ಟದೂರಿನ ಏರ್‌ಪೋರ್ಟ್ ಬಂಗಾರದಂಥದ್ದು ಎಂದ. ಆಳುದ್ದದ ಬಾಣದ ಗುರುತುಗಳಿವೆ, ಇಂಗ್ಲಿಷ್ ಬಾರದವನೂ ಬಾಗಿಲು ಹುಡುಕಿಕೊಳ್ಳಬಹುದು. ಎಲ್ಲಿ ನೋಡಿದರೂ ಕುಡಿಯುವ ನೀರು, ಕಾಲು ಚಾಚಿ ಕೂರಲು ಜಾಗ. ಕಡಲ ಪಕ್ಕದ ಊರಿನದು ಮಾತ್ರ ಯಾರಿಗೂ ಬೇಡ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ರೈಲು ಹತ್ತಬೇಕು, ಕ್ಯೂ ಎಂದರೆ ತಿರುಪತಿಯ ಕ್ಯೂ, ದಾರಿ ಕೇಳೋಣವೆಂದರೆ ಒಬ್ಬರೂ ನಿಲ್ಲುವುದಿಲ್ಲ.

"ಅಷ್ಟೇನಾ?" ಎಂದರು ಆವಲಮ್ಮ. "ವೀಲ್‌ಚೇರ್ ವಿಷಯನೂ ಹೇಳಪ್ಪ ಅವ್ರಿಗೆ."

ಕದಿರೇಶ ಕಲ್ಲಿನ ಮೇಲಿನ ಪುಡಿ ಒರೆಸಿದ. ಅಲ್ಲಿ ವೀಲ್‌ಚೇರ್ ಕಡಿಮೆ ಎಂದು ತೊದಲಿದ. ಗಂಡಹೆಂಡತಿ ತಲೆಯಾಡಿಸಿ, ಬೆಟ್ಟದೂರಿನ ಮೇಲೆಯೇ ಟಿಕೆಟ್ ಮಾಡಿಸುತ್ತೇವೆಂದು ಹೇಳಿ ಹೊರಟರು.

ಕಡಲ ಪಕ್ಕದ ಆ ಏರ್‌ಪೋರ್ಟ್ ಯಾಕೆ ಕೆಟ್ಟದ್ದು ಎಂಬುದು ಅವನಿಗೊಬ್ಬನಿಗೇ ಗೊತ್ತಿತ್ತು. ಅಲ್ಲಿ ಕೆಟ್ಟು ಹೋಗಿದ್ದವನು ಅವನೇ. ಭಾಷೆ ಬರದಿದ್ದರೆ ಕಾಲುನೋವು ಅಂತ ಹೇಳಿ ವೀಲ್‌ಚೇರ್ ಹಾಕಿಸಿಕೋ, ಅವರೇ ತಳ್ಳಿಕೊಂಡು ಹೋಗಿ ಬಾಗಿಲಿಗೆ ಬಿಡುತ್ತಾರೆ ಎಂದು ವೆಂಕಟ್ ಹೇಳಿಕೊಟ್ಟಿದ್ದ. ಎಲ್ಲರೂ ಮಾಡುವುದೇ ಅಂತೆ. ಕದಿರೇಶನೂ ಮಾಡಿದ. ವಿಮಾನದಲ್ಲಿ ಪಕ್ಕದ ಸೀಟಿನಲ್ಲಿದ್ದವರು ಆವಲಮ್ಮ. ಒಡಹುಟ್ಟಿದ ಜೀವವೊಂದು ಅಲ್ಲಿ ಇವತ್ತೋ ನಾಳೆಯೋ ಅನ್ನುವ ಹಾಗಿದೆ, ಉಸಿರಿರುವಾಗ ಒಂದು ಸಲ ಮುಖ ನೋಡಬೇಕು ಎಂದಿದ್ದರು. ಕದಿರೇಶನ ವಿಷಯವನ್ನೂ ಬಿಡಲಿಲ್ಲ. ಗುಡಿ ಯಾವುದು, ಮುಹೂರ್ತ ಯಾವಾಗ ಎಂದು ಕೆದಕಿ ಕೆದಕಿ ಕೇಳಿ, ತಲುಪುವ ದಿನವೇ ಎಂದು ಗೊತ್ತಾದ ಮೇಲೆ ಕಿಟಕಿಯ ಕಡೆ ತಿರುಗಿಬಿಟ್ಟಿದ್ದರು. ಇಳಿಯುವಾಗ ಅವರ ಬ್ಯಾಗನ್ನು ಅವನೇ ಮೇಲಿನಿಂದ ಎತ್ತಿಕೊಟ್ಟಿದ್ದ.

ಆ ಏರ್‌ಪೋರ್ಟಿನಲ್ಲಿ ಇಳಿದರೆ ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಕುರ್ಚಿ. ಇಬ್ಬರೂ ಹತ್ತಬೇಕಿದ್ದ ಮುಂದಿನ ವಿಮಾನಕ್ಕೆ ಹೊತ್ತಿರಲಿಲ್ಲ. ಆವಲಮ್ಮ ಇವನ ಕಡೆ ಬೆರಳು ತೋರಿಸಿ, ಮೊದಲು ಇವನನ್ನು ಕರೆದುಕೊಂಡು ಹೋಗು ಎಂದು ತಳ್ಳುವವನಿಗೆ ಸನ್ನೆ ಮಾಡಿದರು. ಅವನು ಎದ್ದು ನಿಂತು, ನನ್ನ ಕಾಲು ಗಟ್ಟಿಯಾಗಿದೆ ತಾಯಿ, ನೀವು ಕೂತ್ಕೊಳ್ಳಿ ಎನ್ನಬೇಕಿತ್ತು. ಸುಳ್ಳು ಹೇಳಿದ್ದಕ್ಕೆ ವಾಪಸ್ ಕಳಿಸಿಬಿಟ್ಟರೆ ಎಂಬ ಹೆದರಿಕೆ. ಬಾಯಿ ಮುಚ್ಚಿಕೊಂಡು ಕೂತ. ಅವನು ಹತ್ತಿದ ಮೇಲೆ ವಿಮಾನದ ಬಾಗಿಲು ಹಾಕಿದರು. ಆವಲಮ್ಮ ಮಾರನೆಯ ದಿನ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಊರಿಗೆ ಬಂದ ಮೇಲೆ, ಅವರಿಗೂ ಟಿಕೆಟ್ ಮಾಡಿಸಿಕೊಟ್ಟಿದ್ದ ವೆಂಕಟ್ ಹೇಳಿದ್ದು.

ಗುಡಿಯಲ್ಲಿಯೂ ನೆಮ್ಮದಿ ಇರಲಿಲ್ಲ. ವಿಗ್ರಹದ ಕಣ್ಣು ತೆರೆದು, ಪರದೆ ಸರಿಸಿ ಪಕ್ಕಕ್ಕೆ ನಿಂತರೆ ಎದುರಿಗೇ ಯಾರೋ ವೀಲ್‌ಚೇರಿನಲ್ಲಿ ಕೂತಿದ್ದರು. ಆ ಚಕ್ರಗಳನ್ನು ಕಂಡದ್ದೇ ಅವನಿಗೆ ಆ ಏರ್‌ಪೋರ್ಟಿನಲ್ಲಿ ಉಳಿದುಹೋದ ಹೆಂಗಸಿನ ನೆನಪಾಗಿ ನಾಚಿಕೆಯಾಯಿತು. ಮಂಗಳಾರತಿ ಮುಗಿಯುವವರೆಗೂ ನೆಲ ನೋಡಿಕೊಂಡೇ ನಿಂತ.

ಈಗ ಶೆಡ್ಡಿನಲ್ಲಿ ಇಬ್ಬರೇ. ಕದಿರೇಶ ಉಳಿ ಕೆಳಗಿಟ್ಟು ಆವಲಮ್ಮನ ಕಾಲ ಬಳಿ ಕುಸಿದ.

"ಅಕ್ಕಾ, ನನ್ನ ಕಾಲಿಗೆ ಏನೂ ಆಗಿರ್ಲಿಲ್ಲ. ಸುಳ್ಳು ಹೇಳಿ ನಿಮ್ಮ ಕುರ್ಚಿ ಕಿತ್ಕೊಂಡೆ."

"ಗೊತ್ತಿತ್ತು ಬಿಡಪ್ಪ. ಅಷ್ಟು ಭಾರದ ಬ್ಯಾಗು ಎತ್ತಿ ಇಳಿಸ್ದೋನು ಕುಂಟ ಹೆಂಗಾಗ್ತಾನೆ?"

ಅವನು ತಲೆ ಎತ್ತಿದ. ಗೊತ್ತಿದ್ದೂ ಯಾಕೆ ಬಿಟ್ಟುಕೊಟ್ಟಿರಿ ಎಂದು ಕೇಳಿದ. ಆವಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಆ ಗುಡಿ ಕಟ್ಟಿಸ್ದೋನು ನನ್ನ ತಮ್ಮ. ಹನುಮಪ್ಪ ಕಣ್ಣು ಬಿಡೋದು ನೋಡ್ಬೇಕು ಅಂತಾನೇ ಜೀವ ಹಿಡ್ಕೊಂಡಿದ್ದ. ನಾನು ಹೋಗಿದ್ರೆ ನನ್ನ ಮುಖ ನೋಡ್ತಿದ್ದ, ಅಷ್ಟೇ. ಅವನಿಗೆ ಬೇಕಾಗಿದ್ದೋನು ನೀನು. ಇದು ಹೇಳಿದ್ರೆ ನೀನು ಆ ಕುರ್ಚೀಲಿ ಕೂತ್ಕೋತಿರ್ಲಿಲ್ಲ, ಅದಕ್ಕೇ ಹೇಳ್ಲಿಲ್ಲ. ಆಸ್ಪತ್ರೆಯಿಂದ ವೀಲ್‌ಚೇರಲ್ಲೇ ಗುಡಿಗೆ ಕರ್ಕೊಂಡು ಬಂದಿದ್ರಂತೆ. ಅವತ್ತು ಸಾಯಂಕಾಲಾನೇ ಹೋಗ್ಬಿಟ್ಟ."

ಕದಿರೇಶನ ಕಣ್ಣ ಮುಂದೆ ಆ ಎರಡು ಚಕ್ರಗಳು ಮಾತ್ರ ಬಂದವು. ಆವಲಮ್ಮ ಮುಂದಕ್ಕೆ ಬಾಗಿ ಅವನ ಎರಡೂ ಕೈ ಹಿಡಿದುಕೊಂಡರು.

"ಫೋಟೋದಲ್ಲೆಲ್ಲ ಅವನ ಬೆನ್ನೇ ಕಾಣ್ಸುತ್ತೆ. ಎಲ್ರೂ ದೇವ್ರ ಕಡೆ ತಿರುಗಿದ್ರು, ಅವನಿಗೆ ಎದುರಾಗಿ ನಿಂತಿದ್ದೋನು ನೀನೊಬ್ನೇ. ಹೇಳಪ್ಪ, ಹನುಮಪ್ಪ ಕಣ್ಣು ಬಿಟ್ಟಾಗ ನನ್ನ ತಮ್ಮನ ಮುಖ ಹೇಗಿತ್ತು?"